ಇಂಗ್ಲಿಷ್ ಬದುಕಿದ ಬಗೆ

1553ರಲ್ಲಿ ಥಾಮಸ್ ವಿಲ್ಸನ್ ಎಂಬ ಇಂಗ್ಲಿಷ್ ವಿದ್ವಾಂಸ ಭಾಷಣಕಲೆಯನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಲ್ಯಾಟಿನ್ ಮೂಲದ ದೊಡ್ಡ ದೊಡ್ಡ ಪದಗಳನ್ನು ಇಂಗ್ಲಿಷಿಗೆ ತುರುಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಥವರನ್ನು ಹಂಗಿಸಲು ಪುಸ್ತಕದೊಳಗೆ ಒಂದು ಅಣಕು ಪತ್ರವನ್ನೇ ಸೇರಿಸಿದ. ಚರ್ಚಿನ ಹುದ್ದೆಯೊಂದಕ್ಕೆ ಶಿಫಾರಸು ಬೇಡಿ ಯಾರೋ ಬರೆದದ್ದು ಎಂಬಂತಿರುವ ಆ ಪತ್ರದ ತುಂಬ ಆಗಿನ ಸಾಮಾನ್ಯ ಓದುಗನ ಬಾಯಿಗೆ ಹೊರಳದ ಪದಗಳಿವೆ. ಓದಿದವರು ನಗಬೇಕು ಎಂಬುದೇ ಅವನ ಉದ್ದೇಶವಾಗಿತ್ತು. ಹಾಗೆ ನಗೆಪಾಟಲಿಗೆಂದು ಆರಿಸಿದ ಪದಗಳಲ್ಲಿ ‘ಸೆಲೆಬ್ರೇಟ್’, ‘ಕೆಪ್ಯಾಸಿಟಿ’, ‘ಡೆಕ್ಸ್‌ಟೆರಿಟಿ’, ‘ಸುಪೀರಿಯಾರಿಟಿ’ಗಳು ಇವೆ. ಅವುಗಳ ಜತೆಗೇ ಇದ್ದ ‘ಇಂಜೆಂಟ್’, ‘ಆಬ್‌ಟೆಸ್ಟೇಟ್’ ಎಂಬ ಪದಗಳನ್ನು ಇಂದು ಇಂಗ್ಲಿಷ್ ಪ್ರಾಧ್ಯಾಪಕರೂ ನಿಘಂಟು ತೆರೆದು ನೋಡಬೇಕು.

ಒಂದೇ ಮೂಲದಿಂದ ಬಂದು, ಒಂದೇ ಹೊತ್ತಿಗೆ ನಗೆಗೀಡಾದ ಪದಗಳಲ್ಲಿ ಕೆಲವು ನಾಲ್ಕೂವರೆ ಶತಮಾನ ಬಾಳಿದವು, ಉಳಿದವು ಅಳಿದುಹೋದವು. ಯಾವುದು ಬಾಳುತ್ತದೆ ಎಂಬುದನ್ನು ಆ ಕಾಲದ ಚುರುಕಾದ ವಿದ್ವಾಂಸನೂ ಊಹಿಸಲಾಗಲಿಲ್ಲ. ಇಂಗ್ಲಿಷಿನ ಹದಿನೈದು ಶತಮಾನಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಹೊರಗಿನ ಪದಗಳು ನುಗ್ಗಿದ್ದರಿಂದ ಆ ಭಾಷೆ ಸಾಯಲಿಲ್ಲ. ಪಂಡಿತರು ಬಾಗಿಲು ಕಾದದ್ದರಿಂದ ಉಳಿಯಲೂ ಇಲ್ಲ. ಮನೆ, ಸಂತೆ, ನ್ಯಾಯಾಲಯ, ಶಾಲೆ, ಪುಸ್ತಕ ಎಂಬ ಬಳಕೆಯ ನೆಲೆಗಳನ್ನು ಅದರ ಜನ ಬಿಡದೆ ಹಿಡಿದುಕೊಂಡರು, ಕಳೆದುಕೊಂಡಿದ್ದನ್ನು ಮರಳಿ ಪಡೆದರು. ಅದರಿಂದ ಅದು ಉಳಿಯಿತು. ‘ಭಾಷೆ ಕೆಡುತ್ತಿದೆ’ ಎಂಬ ಆತಂಕ ಎಲ್ಲೆಡೆ ಕೇಳಿಬರುವ ಈ ದಿನಗಳಲ್ಲಿ ಈ ಚರಿತ್ರೆಯನ್ನು ಗಮನವಿಟ್ಟು ಓದಬೇಕು.

5ನೇ ಶತಮಾನದಲ್ಲಿ ಉತ್ತರ ಸಮುದ್ರದ ಆಚೆಯಿಂದ ಬ್ರಿಟನ್ನಿಗೆ ಬಂದ ಆಂಗಲ್, ಸ್ಯಾಕ್ಸನ್, ಜೂಟ್ ಪಂಗಡಗಳ ಆಡುಮಾತುಗಳೇ ಇಂಗ್ಲಿಷಿನ ಬೇರು. ಆ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ಮೂರು ಲಿಂಗಗಳಿದ್ದವು, ವಿಭಕ್ತಿಗಳಿದ್ದವು, ಗುಣವಾಚಕಗಳೂ ಅದಕ್ಕೆ ತಕ್ಕಂತೆ ರೂಪ ಬದಲಿಸುತ್ತಿದ್ದವು. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ಸ್ಕ್ಯಾಂಡಿನೇವಿಯಾದ ವೈಕಿಂಗರು ದಾಳಿ ಮಾಡಿದರು. ಮುಂದೆ ಅವರಲ್ಲಿ ಅನೇಕರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತು ಅಲ್ಲಿನ ಜನರೊಡನೆ ಬೆರೆತರು. ಅಕ್ಕಪಕ್ಕದ ಹೊಲ ಉಳುವವರ, ಮದುವೆಯಾಗಿ ಒಂದೇ ಮನೆಯಲ್ಲಿ ಬಾಳುವವರ ನಡುವೆ ಹುಟ್ಟಿದ ಕೊಡುಕೊಳ್ಳುವಿಕೆ ಅದು. ಹಾಗಾಗಿ ‘ಸ್ಕೈ’, ‘ನೈಫ್’, ‘ಸ್ಕಿನ್’, ‘ವಿಂಡೋ’, ‘ಹಸ್ಬೆಂಡ್’, ‘ಲಾ’ದಂಥ ದಿನಬಳಕೆಯ ಪದಗಳು ಅವರಿಂದ ಬಂದವು. ಅದಕ್ಕಿಂತ ಹೆಚ್ಚಿನದು, ‘ಅವರು’ ಎಂಬ ಅರ್ಥದ ‘ದೇ’ ಎಂಬ ಸರ್ವನಾಮವೂ ಅವರದೇ. ಸಾಮಾನ್ಯವಾಗಿ ಭಾಷೆಗಳು ಸರ್ವನಾಮವನ್ನು ಹೊರಗಿನಿಂದ ತರುವುದಿಲ್ಲ. ಇಂಗ್ಲಿಷ್ ತಂದುಕೊಂಡಿತು, ಅದೂ ಕಂತುಕಂತಾಗಿ: 14ನೇ ಶತಮಾನದ ಕವಿ ಚಾಸರ್ ‘ದೇ’ ಎಂಬುದನ್ನು ಬಳಸುತ್ತಾನಾದರೂ ‘ಅವರನ್ನು’ ಎನ್ನುವಾಗ ಹಳೆಯ ‘ಹೆಮ್’ ರೂಪವನ್ನೇ ಉಳಿಸಿಕೊಂಡಿದ್ದಾನೆ.

ಈ ಬೆರಕೆ ಎಲ್ಲ ಊರುಗಳಿಗೂ ಒಂದೇ ಸಮ ತಲುಪಲಿಲ್ಲ. 1476ರಲ್ಲಿ ವೆಸ್ಟ್‌ಮಿನ್ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ ವಿಲಿಯಂ ಕ್ಯಾಕ್ಸ್‌ಟನ್, 1490ರ ಒಂದು ಪುಸ್ತಕದ ಪೀಠಿಕೆಯಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಗಾಳಿಯಿಲ್ಲದೆ ಹಡಗು ಹೊರಡದೆ ನಿಂತಾಗ ಕೆಲವು ವರ್ತಕರು ದಡಕ್ಕಿಳಿದು ಒಂದು ಮನೆಯಲ್ಲಿ ಮೊಟ್ಟೆ ಕೇಳಿದರು. ಅವರಲ್ಲೊಬ್ಬ ಬಳಸಿದ ಪದ ಉತ್ತರದವರ ‘ಎಗ್’. ಮನೆಯೊಡತಿ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ತನಗೂ ಫ್ರೆಂಚ್ ಬಾರದ ಆ ವರ್ತಕ ಸಿಟ್ಟಾದ. ಕೊನೆಗೆ ಇನ್ನೊಬ್ಬ ದಕ್ಷಿಣದ ‘ಏರನ್’ ಎಂಬ ಪದ ಹೇಳಿದ ಮೇಲೆ ಆಕೆಗೆ ಅರ್ಥವಾಯಿತು. ಯಾವ ರೂಪವನ್ನು ಅಚ್ಚು ಹಾಕುವುದು ಎಂಬುದು ಕ್ಯಾಕ್ಸ್‌ಟನ್ನನ ನಿಜವಾದ ತೊಡಕಾಗಿತ್ತು. ಕಾಲಕ್ರಮದಲ್ಲಿ ದೇಶೀಯವಾದ ‘ಏರನ್’ ಮರೆಯಾಗಿ ವೈಕಿಂಗರಿಂದ ಬಂದ ‘ಎಗ್’ ನಿಂತಿತು. ಅದರಿಂದ ಇಂಗ್ಲಿಷಿಗೆ ಯಾವ ನಷ್ಟವೂ ಆಗಲಿಲ್ಲ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದದ್ದು ಇದಕ್ಕಿಂತ ಬೇರೆ ಬಗೆಯ ಪೆಟ್ಟು. ಅರಮನೆ, ನ್ಯಾಯಾಲಯ, ಜಮೀನ್ದಾರಿಕೆಗಳಲ್ಲಿ ಫ್ರೆಂಚ್ ಕುಳಿತಿತು. ಚರ್ಚು ಮತ್ತು ವಿದ್ಯೆಯ ಭಾಷೆ ಲ್ಯಾಟಿನ್. ಇಂಗ್ಲಿಷ್ ಒಕ್ಕಲಿನವರ ಮಾತಾಗಿ ಕೆಳಗೆ ಉಳಿಯಿತು. ‘ಕೋರ್ಟ್’, ‘ಜಡ್ಜ್’, ‘ಜ್ಯೂರಿ’, ‘ಪ್ರಿಸನ್’, ‘ಪಾರ್ಲಿಮೆಂಟ್’, ‘ಟ್ಯಾಕ್ಸ್’ – ಆಳುವುದಕ್ಕೆ ಬೇಕಾದ ಹೆಚ್ಚಿನ ಪದಗಳು ಫ್ರೆಂಚಿನಿಂದ ಬಂದವು. ಹಟ್ಟಿಯಲ್ಲಿರುವ ಪ್ರಾಣಿಗೆ ‘ಆಕ್ಸ್’, ‘ಶೀಪ್’ ಎಂಬ ದೇಶೀಯ ಹೆಸರು. ಅದೇ ಮಾಂಸವಾಗಿ ಊಟದ ಮೇಜಿಗೆ ಬಂದಾಗ ‘ಬೀಫ್’, ‘ಮಟನ್’ ಎಂಬ ಫ್ರೆಂಚ್ ಹೆಸರು. ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ ಕಾದಂಬರಿಯಲ್ಲಿ ಎತ್ತಿ ತೋರಿಸಿ ಪ್ರಸಿದ್ಧಗೊಳಿಸಿದ ಈ ಭೇದದಲ್ಲಿ ಸಾಕುವವರು ಯಾರು, ಉಣ್ಣುವವರು ಯಾರು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಆ ಶತಮಾನಗಳಲ್ಲಿ ಸುಮಾರು 10,000 ಫ್ರೆಂಚ್ ಪದಗಳು ಇಂಗ್ಲಿಷಿಗೆ ಸೇರಿದವೆಂದು ಭಾಷಾ ಇತಿಹಾಸಕಾರರ ಅಂದಾಜು.

ಇಷ್ಟು ದೊಡ್ಡ ಪ್ರವಾಹದ ನಡುವೆಯೂ ಭಾಷೆ ಬದುಕಿತು. ಆದರೆ ಅದು ತಾನಾಗಿ ಮೇಲೇಳಲಿಲ್ಲ. 1362ರಲ್ಲಿ ಮೂರನೇ ಎಡ್ವರ್ಡನ ಕಾಲದ ಪಾರ್ಲಿಮೆಂಟು ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾಯಿದೆ ಮಾಡಿತು. ಕಾಯಿದೆ ಕೊಟ್ಟ ಕಾರಣ ನೇರವಾಗಿತ್ತು: ಜನರಿಗೆ ಫ್ರೆಂಚ್ ತಿಳಿಯದು, ಹಾಗಾಗಿ ತಮ್ಮ ಪರವಾಗಿ ಅಥವಾ ವಿರುದ್ಧವಾಗಿ ವಕೀಲರು ಏನು ಹೇಳುತ್ತಿದ್ದಾರೆ ಎಂಬುದೇ ಕಕ್ಷಿದಾರರಿಗೆ ಗೊತ್ತಾಗುತ್ತಿಲ್ಲ. ಈ ಕಾಯಿದೆಯನ್ನು ಬರೆದದ್ದೂ ಫ್ರೆಂಚಿನಲ್ಲಿ. ನ್ಯಾಯಾಲಯದ ದಾಖಲೆಗಳು ಪೂರ್ತಿಯಾಗಿ ಇಂಗ್ಲಿಷಿಗೆ ತಿರುಗಲು 1733ರವರೆಗೆ ಕಾಯಬೇಕಾಯಿತು. ಇಂದಿಗೂ ಇಂಗ್ಲಿಷ್ ಉಯಿಲಿನಲ್ಲಿ ‘ವಿಲ್ ಅಂಡ್ ಟೆಸ್ಟಮೆಂಟ್’ ಎಂದು ದೇಶೀಯ ಪದವನ್ನೂ ಲ್ಯಾಟಿನ್ ಮೂಲದ ಪದವನ್ನೂ ಜೋಡಿಸಿ ಬರೆಯುವುದುಂಟು. ಭಾಷೆಗಳು ಪದರಪದರವಾಗಿ ಕೂತ ಆ ಕಾಲದ ಗುರುತು ಕಾನೂನಿನ ಬರವಣಿಗೆಯಲ್ಲಿ ಹಾಗೇ ಉಳಿದಿದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಂಗ್ಲಿಷಿನ ನಿಘಂಟು ತೆರೆದರೆ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳೇ ಹೆಚ್ಚು. ಆದರೆ ಅದೇ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ನೂರು ಪದಗಳನ್ನು ಪಟ್ಟಿ ಮಾಡಿದರೆ ಬಹುಪಾಲು ಹಳೆಯ ಇಂಗ್ಲಿಷಿನವು, ಜತೆಗೆ ವೈಕಿಂಗರಿಂದ ಬಂದ ಒಂದೆರಡು. ವಾಕ್ಯವನ್ನು ಕಟ್ಟುವ ಅವ್ಯಯ, ಸರ್ವನಾಮ, ಸಹಾಯಕ ಕ್ರಿಯಾಪದಗಳೆಲ್ಲ ಇದರೊಳಗಿವೆ. ಹೊರಗಿನಿಂದ ಸಾವಿರ ಪದ ಬಂದರೂ ಅವನ್ನು ನಡೆಸುವ ವ್ಯಾಕರಣ ಮನೆಯದೇ ಆಗಿತ್ತು.

ಆ ವ್ಯಾಕರಣ ಬಂದ ಪದಗಳನ್ನು ಬಂದ ಹಾಗೇ ಇರಗೊಡಲೂ ಇಲ್ಲ. ಫ್ರೆಂಚಿನ ‘ಜೆಂಟಲ್’ ಬಂದದ್ದೇ ತಡ, ಅದಕ್ಕೆ ದೇಶೀಯ ಪ್ರತ್ಯಯ ಹಚ್ಚಿ ‘ಜೆಂಟಲ್‌ನೆಸ್’, ದೇಶೀಯ ಪದ ಸೇರಿಸಿ ‘ಜೆಂಟಲ್‌ಮನ್’ ಮಾಡಿಕೊಂಡರು. ‘-ಏಬಲ್’ ಎಂಬುದು ಫ್ರೆಂಚ್ ಪದಗಳ ಬೆನ್ನಿಗಂಟಿಕೊಂಡು ಬಂದ ಪ್ರತ್ಯಯ. ಅದನ್ನು ಬಿಡಿಸಿಕೊಂಡು ಅಚ್ಚ ಇಂಗ್ಲಿಷ್ ಧಾತುಗಳಿಗೆ ಅಂಟಿಸಿ ‘ರೀಡಬಲ್’, ‘ಡ್ರಿಂಕಬಲ್’, ‘ಅನ್‌ಬಿಲೀವಬಲ್’ ಎಂದರು. ಈ ಕಲೆ ಇಂದಿಗೂ ನಿಂತಿಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದ ಹೆಸರಿನಿಂದ ‘ಹ್ಯಾಂಬರ್ಗರ್’ ಬಂತು. ಅದರ ಮೊದಲ ಭಾಗವನ್ನು ಹಂದಿಮಾಂಸದ ‘ಹ್ಯಾಮ್’ ಎಂದು ಭಾವಿಸಿದ ಜನ ಉಳಿದ ‘ಬರ್ಗರ್’ ಅನ್ನು ಬೇರೆ ಪದವಾಗಿ ಕಿತ್ತುಕೊಂಡರು. ಈಗ ಅದರಿಂದ ಎಷ್ಟೋ ತಿಂಡಿಗಳ ಹೆಸರು ಹುಟ್ಟಿವೆ. ಗೂಗಲ್ ಎಂಬ ಕಂಪನಿಯ ಹೆಸರು ಕೆಲವೇ ವರ್ಷಗಳಲ್ಲಿ ಕ್ರಿಯಾಪದವಾಯಿತು. 2006ರ ಹೊತ್ತಿಗೆ ಆಕ್ಸ್‌ಫರ್ಡ್ ನಿಘಂಟು ಅದನ್ನು ದಾಖಲಿಸಿತು.

ಪಂಡಿತರು ತಪ್ಪು ಎನ್ನುವುದರಿಂದಲೂ ಪದಗಳು ಹುಟ್ಟಿವೆ. ಬಟಾಣಿಗೆ ಇಂಗ್ಲಿಷಿನಲ್ಲಿ ಮೊದಲಿದ್ದ ಏಕವಚನ ‘ಪೀಸ್’. ಅದರ ಕೊನೆಯ ಧ್ವನಿಯನ್ನು ಬಹುವಚನದ ಪ್ರತ್ಯಯವೆಂದು ತಿಳಿದು, ಒಂದು ಕಾಳಿಗೆ ‘ಪೀ’ ಎಂದರು. ‘ಎ ನೇಪ್ರನ್’ ಎಂಬುದನ್ನು ‘ಆ್ಯನ್ ಏಪ್ರನ್’ ಎಂದು ಬಿಡಿಸಿಕೊಂಡದ್ದರಿಂದ ಇಂದಿನ ‘ಏಪ್ರನ್’ ಉಂಟಾಯಿತು. ಇದಕ್ಕೆ ತದ್ವಿರುದ್ಧವಾಗಿ, ‘ಆ್ಯನ್ ಎಕನೇಮ್’ ಎಂಬುದರಲ್ಲಿನ ನಕಾರ ಮುಂದಿನ ಪದಕ್ಕೆ ಸರಿದು ‘ನಿಕ್‌ನೇಮ್’ ಆಯಿತು. ವಿದ್ವಾಂಸರೂ ತಪ್ಪು ಮಾಡಿದ್ದಾರೆ. ದ್ವೀಪ ಎಂಬರ್ಥದ ‘ಐಲ್ಯಾಂಡ್’ ದೇಶೀಯ ಪದ; ಅದಕ್ಕೂ ಲ್ಯಾಟಿನಿನ ‘ಇನ್ಸುಲಾ’ಗೂ ಸಂಬಂಧವಿಲ್ಲ. ಸಂಬಂಧವಿದೆಯೆಂದು ಭಾವಿಸಿದವರು ಅದರ ಕಾಗುಣಿತಕ್ಕೆ ಉಚ್ಚರಿಸದ ಸಕಾರವೊಂದನ್ನು ಸೇರಿಸಿದರು. ಇಂಗ್ಲಿಷ್ ಕಲಿಯುವ ಮಕ್ಕಳು ಇಂದಿಗೂ ಆ ಅಕ್ಷರವನ್ನು ಬಾಯಿಪಾಠ ಮಾಡುತ್ತಾರೆ.

ಅರ್ಥಗಳಂತೂ ಯಾರ ಅಪ್ಪಣೆಗೂ ಕಾಯಲಿಲ್ಲ. ‘ನೈಸ್’ ಎಂದರೆ ಮೊದಲು ದಡ್ಡ ಎಂದಿತ್ತು, ಆಮೇಲೆ ಅತಿ ಸೂಕ್ಷ್ಮ ಎಂದಾಯಿತು, ಈಗ ಒಳ್ಳೆಯದು. ‘ಸಿಲ್ಲಿ’ ಇದರ ಎದುರು ದಾರಿ ಹಿಡಿಯಿತು: ಧನ್ಯ ಎಂಬಲ್ಲಿಂದ ಪಾಪದವ ಎಂಬುದಕ್ಕೆ, ಅಲ್ಲಿಂದ ಪೆದ್ದ ಎಂಬುದಕ್ಕೆ ಇಳಿಯಿತು. ‘ಮೀಟ್’ ಎಂದರೆ ಯಾವುದೇ ಆಹಾರ, ‘ಡಿಯರ್’ ಎಂದರೆ ಯಾವುದೇ ಮೃಗ, ‘ಗರ್ಲ್’ ಎಂದರೆ ಗಂಡಾಗಲಿ ಹೆಣ್ಣಾಗಲಿ ಎಳೆಯ ವಯಸ್ಸಿನವರು ಎಂಬ ಅರ್ಥಗಳು ಒಂದು ಕಾಲದಲ್ಲಿದ್ದವು. ‘ಕಂಪ್ಯೂಟರ್’ 17ನೇ ಶತಮಾನದಲ್ಲಿ ಲೆಕ್ಕ ಮಾಡುವ ಮನುಷ್ಯನ ಹೆಸರಾಗಿತ್ತು.

ಈ ಚಲನೆಯನ್ನು ತಡೆಯಲು ಹೊರಟವರು ಅಸಮರ್ಥರೇನಲ್ಲ, ಅವರ ಕಾಳಜಿಯೂ ನಿಜವಾದದ್ದು. ಕೇಂಬ್ರಿಜ್‌ನ ಗ್ರೀಕ್ ವಿದ್ವಾಂಸ ಜಾನ್ ಚೀಕ್ 1557ರ ಪತ್ರವೊಂದರಲ್ಲಿ ಇಂಗ್ಲಿಷನ್ನು ಎರವಲಿಲ್ಲದೆ ಶುದ್ಧವಾಗಿ ಬರೆಯಬೇಕೆಂದು ವಾದಿಸಿದ. ಬೈಬಲ್ಲಿನ ಮತ್ತಾಯನ ಸುವಾರ್ತೆಯನ್ನು ಅನುವಾದಿಸುವಾಗ ನೂರು ಸೈನಿಕರ ನಾಯಕನಿಗೆ ‘ಹಂಡ್ರೆಡರ್’, ಪುನರುತ್ಥಾನಕ್ಕೆ ‘ಗೇನ್‌ರೈಸಿಂಗ್’ ಎಂದು ದೇಶೀಯ ಪದಗಳನ್ನು ಕಟ್ಟಿದ. 1573ರಲ್ಲಿ ರಾಲ್ಫ್ ಲೀವರ್ ತರ್ಕಶಾಸ್ತ್ರಕ್ಕೆ ‘ವಿಟ್‌ಕ್ರಾಫ್ಟ್’, ತೀರ್ಮಾನಕ್ಕೆ ‘ಎಂಡ್‌ಸೇ’ ಎಂಬ ಪದಗಳನ್ನು ಮುಂದಿಟ್ಟ. ರಚನೆಯ ದೃಷ್ಟಿಯಿಂದ ಇವು ಸೊಗಸಾದ, ಯಾರಿಗಾದರೂ ಅರ್ಥವಾಗುವ ಪದಗಳು. ಆದರೆ ಓದುಬರಹ ಬಲ್ಲವರ ಬಾಯಲ್ಲಿ ಆಗಲೇ ‘ಲಾಜಿಕ್’, ‘ಕನ್‌ಕ್ಲೂಷನ್’ ಕೂತಿದ್ದವು; ಹೊಸ ಪದಗಳಿಗೆ ಜಾಗ ಸಿಗಲಿಲ್ಲ. ಚೀಕನ ಪತ್ರದಲ್ಲಿ ‘ಶುದ್ಧ’ ಎಂದು ಹೇಳಲು ಬಳಸಿದ ‘ಪ್ಯೂರ್’ ಕೂಡ ಫ್ರೆಂಚಿನಿಂದ ಬಂದದ್ದೇ. ಅವನು ಬರೆಯುವ ಹೊತ್ತಿಗೆ ಎರವಲು ಅಷ್ಟು ಆಳಕ್ಕೆ ಇಳಿದಿತ್ತು.

ಫ್ರಾನ್ಸಿನಲ್ಲಿ 1635ರಲ್ಲೇ ಭಾಷೆಯ ಮೇಲ್ವಿಚಾರಣೆಗೆ ಅಕಾಡೆಮಿಯೊಂದು ಸ್ಥಾಪನೆಯಾಗಿತ್ತು. ಲೇಖಕ ಜೊನಾಥನ್ ಸ್ವಿಫ್ಟ್ 1712ರಲ್ಲಿ ಇಂಗ್ಲಿಷಿಗೂ ಅಂಥದೊಂದು ಮಂಡಳಿ ಬೇಕು, ಭಾಷೆಯನ್ನು ತಿದ್ದಿ ಶಾಶ್ವತವಾಗಿ ನಿಲ್ಲಿಸಬೇಕು ಎಂದು ಸರ್ಕಾರಕ್ಕೆ ಪ್ರಸ್ತಾವ ಸಲ್ಲಿಸಿದ. ಲ್ಯಾಟಿನ್ ಪದಗುಚ್ಛವೊಂದನ್ನು ಮೊಟಕು ಮಾಡಿ ಹುಟ್ಟಿದ ‘ಮಾಬ್’ ಎಂಬ ಪದ ಅವನಿಗೆ ಸಹ್ಯವಾಗಿರಲಿಲ್ಲ. ಮಂಡಳಿ ಬರಲಿಲ್ಲ, ‘ಮಾಬ್’ ಉಳಿಯಿತು. ಭಾಷೆಯನ್ನು ಸ್ಥಿರಗೊಳಿಸುವ ಆಸೆ ಸ್ಯಾಮ್ಯುಯೆಲ್ ಜಾನ್ಸನ್ನನಿಗೂ ಇತ್ತು. 1747ರಲ್ಲಿ ನಿಘಂಟಿನ ಯೋಜನೆ ಬರೆದಾಗ ಅದನ್ನು ಹೇಳಿಕೊಂಡಿದ್ದ. ಸಾವಿರಾರು ಪುಸ್ತಕಗಳಿಂದ ಪ್ರಯೋಗಗಳನ್ನು ಆಯ್ದು, ನಲವತ್ತು ಸಾವಿರಕ್ಕೂ ಹೆಚ್ಚು ಪದಗಳ ನಿಘಂಟನ್ನು 1755ರಲ್ಲಿ ಹೊರತರುವಾಗ ಬರೆದ ಮುನ್ನುಡಿಯಲ್ಲಿ ಆ ಆಸೆ ವ್ಯರ್ಥವೆಂದು ಒಪ್ಪಿಕೊಂಡ. ಒಂದು ಭಾಷೆಯ ಪದಗಳ ನಡುವೆ ವರ್ಷಗಟ್ಟಲೆ ದುಡಿದ ವ್ಯಕ್ತಿ ಅದರ ಸ್ವಭಾವಕ್ಕೆ ತಲೆಬಾಗಿದ್ದು ನಿಘಂಟಿನಷ್ಟೇ ದೊಡ್ಡ ಸಾಧನೆ. 1857ರಲ್ಲಿ ಆರಂಭವಾದ ಚಿಂತನೆಯಿಂದ ಹುಟ್ಟಿ 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟು ಇದೇ ನಿಲುವನ್ನು ತತ್ವವಾಗಿ ಸ್ವೀಕರಿಸಿತು. ಹೇಗಿರಬೇಕು ಎಂದು ವಿಧಿಸುವ ಬದಲು, ಹೇಗಿದೆ ಎಂಬುದನ್ನು ಸಾವಿರಾರು ಸ್ವಯಂಸೇವಕರು ಚೀಟಿಗಳಲ್ಲಿ ಬರೆದು ಕಳಿಸಿದ ಪ್ರಯೋಗಗಳಿಂದ ತೋರಿಸಿತು.

ಅಗತ್ಯ ಮತ್ತು ಬಳಕೆಗಳ ಮುಂದೆ ತಜ್ಞರ ಅಸಮ್ಮತಿಯೂ ನಿಲ್ಲದು. ವಿಲಿಯಂ ಹ್ಯೂವೆಲ್ 1830ರ ದಶಕದಲ್ಲಿ ‘ಸೈಂಟಿಸ್ಟ್’ ಎಂಬ ಪದ ಕಟ್ಟಿದಾಗ ಬ್ರಿಟನ್ನಿನ ಅನೇಕ ವಿಜ್ಞಾನಿಗಳಿಗೇ ಅದು ರುಚಿಸಲಿಲ್ಲ. ಥಾಮಸ್ ಹಕ್ಸ್‌ಲಿಯಂಥವರು ಶತಮಾನದ ಕೊನೆಯವರೆಗೂ ವಿರೋಧಿಸಿದರು. ಆದರೆ ವಿಜ್ಞಾನ ಒಂದು ವೃತ್ತಿಯಾಗುತ್ತಿತ್ತು, ಆ ವೃತ್ತಿಯವರಿಗೆ ಒಂದು ಹೆಸರು ಬೇಕಿತ್ತು. ಇದೇ ಕಾರಣಕ್ಕೆ 2020ರ ಫೆಬ್ರುವರಿ 11ರಂದು ವಿಶ್ವ ಆರೋಗ್ಯ ಸಂಸ್ಥೆ ಹೆಸರಿಟ್ಟ ‘ಕೋವಿಡ್-19’ ಏಪ್ರಿಲ್ ಹೊತ್ತಿಗೆ ಆಕ್ಸ್‌ಫರ್ಡ್ ನಿಘಂಟಿನೊಳಗಿತ್ತು.

ಇಂಗ್ಲಿಷಿನ ಈ ಉದಾರತೆಯನ್ನು ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ನಾರ್ಮನ್ನರ ಕಾಲದಲ್ಲಿ ಸೋತವರಾಗಿ ಪದ ಪಡೆದ ಅದೇ ಜನ ಮುಂದೆ ಸಾಮ್ರಾಜ್ಯ ಕಟ್ಟಿ ಗೆದ್ದವರಾಗಿ ಪದ ಪಡೆದರು. ‘ಲೂಟ್’ ಎಂಬ ಭಾರತೀಯ ಪದ ಇಂಗ್ಲಿಷಿಗೆ ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಆ ಪದ ಯಾವ ಅನುಭವದ ಜತೆ ಹೋಯಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಇಂಥ ಪದಗಳನ್ನು ಕೂಡಿಸಿದರು. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನು. ನಿಘಂಟು ಅಚ್ಚಾಗುವ ಮೊದಲೇ ತೀರಿಕೊಂಡ. ಅದರ ಹೆಸರೇ ಒಂದು ಪಾಠ: ಮೊಹರಂ ಮೆರವಣಿಗೆಯಲ್ಲಿ ‘ಯಾ ಹಸನ್, ಯಾ ಹುಸೇನ್’ ಎಂದು ಎದೆ ಬಡಿದುಕೊಂಡು ಕೂಗುವ ಶೋಕದ ಧ್ವನಿ ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ ಹಾಬ್ಸನ್, ಜಾಬ್ಸನ್ ಎಂಬ ಎರಡು ಇಂಗ್ಲಿಷ್ ಮನೆತನದ ಹೆಸರುಗಳಾಯಿತು. ಒತ್ತು, ತಿಕ್ಕು ಎಂಬರ್ಥದ ಹಿಂದಿಯ ‘ಚಾಂಪೊ’ದಿಂದ ‘ಶಾಂಪೂ’ ಹುಟ್ಟಿತು. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹ ತೆರೆದಾಗ ಆ ಪದಕ್ಕೆ ಮೈ ನೀವುವುದು ಎಂದೇ ಅರ್ಥವಿತ್ತು; ತಲೆ ತೊಳೆಯುವುದು ಎಂಬ ಅರ್ಥ ಆಮೇಲಿನದು. ಅಡಿಕೆಗೆ ಇಂಗ್ಲಿಷಿನಲ್ಲಿರುವ ‘ಅರೆಕಾ’ ಎಂಬ ಹೆಸರು ಮಲಯಾಳಂನ ಅಡಯ್ಕ, ಕನ್ನಡದ ಅಡಕೆಗಳ ಬಳಗದಿಂದ ಪೋರ್ಚುಗೀಸರ ಮೂಲಕ ಅಲ್ಲಿಗೆ ಹೋದದ್ದು.

ಬೆಂಗಳೂರಿನ ಹೆಸರೂ ಇಂಗ್ಲಿಷಿನ ಪದಕೋಶದಲ್ಲಿದೆ. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಮುಳ್ಳುತಂತಿ ಬೇಲಿಯನ್ನು ಸಿಡಿಸಿ ದಾರಿ ಮಾಡುವ ಸ್ಫೋಟಕದ ಕೊಳವೆಯೊಂದನ್ನು ರೂಪಿಸಿದ. ‘ಬ್ಯಾಂಗಲೋರ್ ಟಾರ್ಪಿಡೊ’ ಎಂಬ ಹೆಸರಿನಲ್ಲಿ ಅದನ್ನು ಎರಡು ಮಹಾಯುದ್ಧಗಳಲ್ಲೂ, 1944ರಲ್ಲಿ ನಾರ್ಮಂಡಿಯ ಕಡಲ ದಂಡೆಯಲ್ಲೂ ಬಳಸಿದರು. 2000ರ ದಶಕದಲ್ಲಿ ಹೊರಗುತ್ತಿಗೆಯಿಂದ ಕೆಲಸ ಕಳೆದುಕೊಂಡ ಅಮೆರಿಕನ್ನರು ಅದೇ ಹೆಸರನ್ನು ಕ್ರಿಯಾಪದ ಮಾಡಿ ‘ಬ್ಯಾಂಗಲೋರ್ಡ್’ ಎಂದರು. ಆ ಹೊತ್ತಿನ ಸಿಟ್ಟು ತಗ್ಗುತ್ತಿದ್ದಂತೆ ಪದವೂ ಹಿಂದೆ ಸರಿಯಿತು. ಸಭೆಯನ್ನು ಮುಂಚಿನ ದಿನಕ್ಕೆ ತರುವುದಕ್ಕೆ ಭಾರತೀಯರು ಧಾರಾಳವಾಗಿ ಬಳಸುವ ‘ಪ್ರೀಪೋನ್’ ಮಾತ್ರ ಗಟ್ಟಿಯಾಗಿ ನಿಂತಿದೆ. ‘ಪೋಸ್ಟ್‌ಪೋನ್’ಗೆ ಎದುರು ಪದ ಬೇಕಿತ್ತು, ಇಂಗ್ಲಿಷಿನ ನಿಯಮದಂತೆಯೇ ಅದು ಸಿದ್ಧವಾಯಿತು. ಅದನ್ನು ಭಾರತೀಯರ ತಪ್ಪು ಇಂಗ್ಲಿಷ್ ಎಂದು ನಾಚುವ ಕಾರಣವಿಲ್ಲ; ಆಕ್ಸ್‌ಫರ್ಡ್ ನಿಘಂಟೂ ಅದನ್ನು ಒಪ್ಪಿದೆ.

ಹಾಗಾದರೆ ಭಾಷೆಗಳು ಸಾಯುವುದೇ ಇಲ್ಲವೇ? ಸಾಯುತ್ತವೆ. ಇಂಗ್ಲೆಂಡಿನೊಳಗೇ ಒಂದು ಸತ್ತಿತು. ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಕಾರ್ನಿಷ್ ಎಂಬ ಭಾಷೆಯಿತ್ತು. ಅದರಲ್ಲಿ ನಾಟಕಗಳಿದ್ದವು, ಇಂಗ್ಲಿಷಿನಿಂದ ಬಂದ ಪದಗಳೂ ಬೇಕಾದಷ್ಟಿದ್ದವು. ಅದನ್ನು ಕೊಂದದ್ದು ಆ ಪದಗಳಲ್ಲ. 1549ರಲ್ಲಿ ಚರ್ಚುಗಳಲ್ಲೆಲ್ಲ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದಾಗ ಕಾರ್ನ್‌ವಾಲಿನ ಜನ ದಂಗೆಯೆದ್ದರು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯದು ಎಂಬುದೂ ಅವರ ದೂರಾಗಿತ್ತು. ಸರ್ಕಾರ ಸಾವಿರಾರು ಜನರನ್ನು ಕೊಂದು ದಂಗೆಯನ್ನು ಹತ್ತಿಕ್ಕಿತು. ಪ್ರಾರ್ಥನೆಯ ನಂತರ ವ್ಯಾಪಾರ, ವ್ಯಾಪಾರದ ನಂತರ ಮನೆಯ ಮಾತು ಇಂಗ್ಲಿಷಿಗೆ ತಿರುಗಿದವು. 1777ರಲ್ಲಿ ತೀರಿಕೊಂಡ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸನ್ನು ಆ ಭಾಷೆಯ ಕೊನೆಯ ಮಾತುಗಾರರಲ್ಲಿ ಒಬ್ಬಳೆಂದು ನೆನೆಯುತ್ತಾರೆ. 20ನೇ ಶತಮಾನದಲ್ಲಿ ಆಸಕ್ತರು ಅದನ್ನು ಮತ್ತೆ ಕಲಿಯತೊಡಗಿದರು. ಹತ್ತು ಸಾವಿರ ಫ್ರೆಂಚ್ ಪದ ನುಂಗಿದ ಇಂಗ್ಲಿಷ್ ಬದುಕಿತು, ಪ್ರಾರ್ಥನೆ ಮತ್ತು ವ್ಯಾಪಾರದ ನೆಲೆ ಕಳೆದುಕೊಂಡ ಕಾರ್ನಿಷ್ ಅಳಿಯಿತು.

ಕನ್ನಡದಲ್ಲಿ ಇಂಗ್ಲಿಷ್ ಪದಗಳು ಹೆಚ್ಚುತ್ತಿವೆ ಎಂಬ ಕಳವಳವನ್ನು ಈ ಬೆಳಕಿನಲ್ಲಿ ನೋಡಬೇಕು. ಅರ್ಜಿ, ಜಮೀನು, ತಹಶೀಲ್ದಾರ, ಮೇಜು ಇವೆಲ್ಲ ಹೊರಗಿನಿಂದ ಬಂದವು. ಯಾವ ಕನ್ನಡಿಗನೂ ಅವನ್ನು ಪರಕೀಯವೆಂದು ದೂರ ಇಡುವುದಿಲ್ಲ. ‘ಬಸ್’ ಬಂದಾಗ ಕನ್ನಡ ಅದಕ್ಕೆ ಉಕಾರ ಸೇರಿಸಿ ‘ಬಸ್ಸು’ ಮಾಡಿತು, ಬಸ್ಸಿನಲ್ಲಿ, ಬಸ್ಸಿಗೆ, ಬಸ್ಸುಗಳು ಎಂದು ತನ್ನ ವಿಭಕ್ತಿ ವಚನಗಳನ್ನು ಹಚ್ಚಿತು. ಇಂಗ್ಲಿಷ್ ಫ್ರೆಂಚಿಗೆ ಮಾಡಿದ್ದೂ ಇದನ್ನೇ. ಕ್ರಿಯಾಪದ, ಪ್ರತ್ಯಯ, ವಾಕ್ಯದ ಕಟ್ಟು ಕನ್ನಡದವೇ ಆಗಿರುವವರೆಗೆ ಇಂಥ ಪದಗಳ ಬಗ್ಗೆ ಹೆದರಬೇಕಿಲ್ಲ. ಹೊಸ ಕನ್ನಡ ಪದ ಕಟ್ಟುವವರ ಶ್ರಮವೂ ವ್ಯರ್ಥವಲ್ಲ; ಪುಸ್ತಕ, ಪತ್ರಿಕೆ, ತರಗತಿಗಳು ಆ ಪದಗಳನ್ನು ಬೇಗ ಕೈಗೆತ್ತಿಕೊಂಡರೆ ಅವು ‘ವಿಟ್‌ಕ್ರಾಫ್ಟ್’ನಂತೆ ಅಳಿಯದೆ ನಿಲ್ಲಬಲ್ಲವು.

ಕಳವಳ ನಿಜವಾಗಿ ಇರಬೇಕಾದದ್ದು ಬೇರೆ ಕಡೆ. ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣ ಇಂದಿಗೂ ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷಿನಲ್ಲಿದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಕಲಾಪದ ಭಾಷೆ ಇಂಗ್ಲಿಷ್ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ರಾಷ್ಟ್ರಪತಿಯ ಪೂರ್ವಾನುಮತಿ ಪಡೆದು ಹೈಕೋರ್ಟಿನ ಕಲಾಪದಲ್ಲಿ ರಾಜ್ಯದ ಭಾಷೆಯ ಬಳಕೆಗೆ ರಾಜ್ಯಪಾಲರು ಅವಕಾಶ ಕೊಡಬಹುದು ಎಂದೂ ಅದೇ ವಿಧಿಯಲ್ಲಿದೆ. 1362ರ ಇಂಗ್ಲಿಷ್ ಕಕ್ಷಿದಾರನ ಕಷ್ಟವೇ ಇಂದು ಹೈಕೋರ್ಟಿನಲ್ಲಿ ತನ್ನ ಹೊಲದ ವ್ಯಾಜ್ಯ ನಡೆಯುವುದನ್ನು ಕೂತು ಕೇಳುವ ಕನ್ನಡದ ರೈತನದು: ವಕೀಲರು ತನ್ನ ಪರವಾಗಿ ಏನು ಹೇಳಿದರು, ಎದುರಿನವರು ಏನು ಹೇಳಿದರು ಎಂಬುದು ಅವನಿಗೆ ತಿಳಿಯಬೇಕು. ಅಂಥ ಕಲಾಪ ಕನ್ನಡದಲ್ಲಿ ನಡೆಯಬೇಕೆಂದು ಕೇಳುವುದಕ್ಕೆ, ಅದಕ್ಕೆ ಬೇಕಾದ ಪಠ್ಯ, ನಿಘಂಟು, ಅನುವಾದಕರನ್ನು ಸಿದ್ಧಪಡಿಸುವುದಕ್ಕೆ ಕನ್ನಡದ ಕಾಳಜಿಯುಳ್ಳವರ ಶಕ್ತಿ ಸಲ್ಲಬೇಕು. ಅಲ್ಲಿ ‘ಅಪೀಲು’, ‘ಸ್ಟೇ’, ‘ನೋಟೀಸು’ ಎಂಬ ಪದಗಳು ಕೇಳಿಬಂದರೆ ಬರಲಿ. ಆ ರೈತನಿಗೆ ಅವು ಈಗಾಗಲೇ ಗೊತ್ತು.